ಊಟಕ್ಕೆ ಕರೆದವರೆಲ್ಲ ನೆಂಟರಲ್ಲ

ಭಾಗ 1/10: ಮೂರು ಮೇಜು

ಫ್ರೆಂಡ್ಸ್, ಮೊದಲ ಫೋಟೋವನ್ನು ಸ್ವಲ್ಪ ಜೂಮ್ ಮಾಡಿ ನೋಡಿ. 1872ನೇ ಇಸವಿ. ಐದು ಜನ ಜಪಾನೀಯರು. ನಡುವೆ ಕೂತಿರೋದು ಇವಾಕುರಾ ತೊಮೊಮಿ. ಮೈಮೇಲೆ ಕಿಮೋನೋ, ತಲೆಯಲ್ಲಿ ಹಳೇ ಪದ್ಧತಿಯ ಜುಟ್ಟು, ಕಾಲಲ್ಲಿ ಮಾತ್ರ ಚರ್ಮದ ಶೂ! ಸುತ್ತಲಿನ ನಾಲ್ವರು ಪೂರ್ತಿ ಕೋಟುಧಾರಿಗಳು. ಅವರಲ್ಲಿ ಒಬ್ಬನಿಗೆ ಆಗ ಬರೀ 30 ವರ್ಷ. ಹೆಸರು ಇತೋ ಹಿರೊಬುಮಿ.

ದೇಶದ ಪ್ರತಿನಿಧಿಯಾಗಿ ಪರದೇಶಕ್ಕೆ ಹೋಗೋದು, ದೊಡ್ಡ ದೀಪಗಳ ಕೆಳಗೆ ಗಣ್ಯರ ಜೊತೆ ಊಟಕ್ಕೆ ಕೂರೋದು, ಎದ್ದು ನಿಂತು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸೋದು. ಎಂಯುಎನ್‌ಗೆ ಹೋಗುವ ನಮ್ಮ ಕ್ಲಾಸಿನ ಅರ್ಧ ಜನರ ಕನಸು ಇದೇ ತಾನೇ? ಇತೋಗೆ ಅದು 150 ವರ್ಷಗಳ ಹಿಂದೆಯೇ ಸಿಕ್ಕಿತ್ತು.

ಆದರೆ ಊಟ ಮುಗಿದ ಮೇಲೆ ಏನಾಯ್ತು ಅನ್ನೋದೇ ಅಸಲಿ ಕಥೆ. ಈ ಸರಣಿಯಲ್ಲಿ ಮೂರು ಮೇಜುಗಳಿವೆ. ಮೊದಲನೆಯದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ; ಅಲ್ಲಿ ಇತೋಗೆ ಚಪ್ಪಾಳೆ ಸಿಕ್ಕಿತು. ಎರಡನೆಯದು ಬರ್ಲಿನ್‌ನಲ್ಲಿ, ಅಲ್ಲಿ ಪಾಠ ಸಿಕ್ಕಿತು. ಮೂರನೆಯದು ಹೇಗ್ ನಗರದಲ್ಲಿ. ಅಲ್ಲಿ ಇನ್ನೊಂದು ದೇಶದಿಂದ ಬಂದ ಒಬ್ಬ ಯುವಕನಿಗೆ ಕುರ್ಚಿಯೇ ಸಿಗಲಿಲ್ಲ. ಅದಕ್ಕೆ ಕಾರಣ ಯಾರು ಅನ್ನೋದು 9ನೇ ಭಾಗದಲ್ಲಿ.

ಭಾಗ 2/10: ಹೊರಟಿದ್ದು ಯಾಕೆ?

1853ರಲ್ಲಿ ಅಮೆರಿಕದ ಕಮಡೋರ್ ಪೆರ್ರಿ ಯುದ್ಧನೌಕೆಗಳನ್ನು ತಂದು ಜಪಾನಿನ ಬಾಗಿಲು ಬಡಿದ. ಅಲ್ಲಿಯವರೆಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಜಪಾನ್ ಹೊರಗಿನವರನ್ನು ಬಹುಮಟ್ಟಿಗೆ ದೂರವೇ ಇಟ್ಟಿತ್ತು. 1858ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ನೆದರ್‌ಲ್ಯಾಂಡ್ಸ್ ಐದೂ ದೇಶಗಳ ಜೊತೆ ಅದು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.

ಆ ಒಪ್ಪಂದಗಳಲ್ಲಿ ಎರಡು ಗಂಟು ಇದ್ದವು.

ಒಂದು, ಜಪಾನಿನ ನೆಲದಲ್ಲಿ ವಿದೇಶಿಯೊಬ್ಬ ಅಪರಾಧ ಮಾಡಿದರೆ ಜಪಾನಿನ ನ್ಯಾಯಾಲಯ ಅವನನ್ನು ಮುಟ್ಟುವಂತಿಲ್ಲ. ಅವನ ದೇಶದ ಕಾನ್ಸುಲ್, ಅಂದರೆ ಬಂದರಿನಲ್ಲಿ ಕೂತಿರುವ ಅವನದೇ ಸರ್ಕಾರದ ಅಧಿಕಾರಿ, ವಿಚಾರಣೆ ಮಾಡ್ತಾನೆ.

ಎರಡು, ಹೊರಗಿನಿಂದ ಬರುವ ಸರಕಿಗೆ ಎಷ್ಟು ಸುಂಕ ಹಾಕಬೇಕು ಅನ್ನೋದನ್ನು ಜಪಾನ್ ತಾನೇ ತೀರ್ಮಾನಿಸುವಂತಿಲ್ಲ. 1866ರಲ್ಲಿ ಆ ಸುಂಕವನ್ನು ಹೆಚ್ಚುಕಡಿಮೆ ಶೇ. 5ಕ್ಕೆ ಕಟ್ಟಿಹಾಕಿದರು.

ಇದು ಎಷ್ಟು ಉರಿಯುವ ವಿಷಯ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಿಲ್ಲೆಗಳಲ್ಲಿ ಭಾರತೀಯ ಮ್ಯಾಜಿಸ್ಟ್ರೇಟರೂ ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದು ಅಂತ 1883ರಲ್ಲಿ ಇಲ್ಬರ್ಟ್ ಮಸೂದೆ ಬಂದಾಗ ಇಲ್ಲಿದ್ದ ಬಿಳಿಯರು ಎಬ್ಬಿಸಿದ ಗಲಾಟೆ ಪಠ್ಯಪುಸ್ತಕದಲ್ಲೇ ಇದೆ. ನಮಗೆ ಅದು ಆಳುವವರ ಕಾನೂನು. ಜಪಾನಿಗೆ ಯಾರ ಆಳ್ವಿಕೆಯೂ ಇರಲಿಲ್ಲ. ಆದರೂ ಅವಮಾನ ಅದೇ.

ಈ ಒಪ್ಪಂದಗಳನ್ನು ತಿದ್ದುವ ಮಾತೆತ್ತಲು 1872ರ ಜುಲೈನಿಂದ ಅವಕಾಶವಿತ್ತು. ಅದಕ್ಕೇ ಹೊರಟಿತು ಇವಾಕುರಾ ನಿಯೋಗ.

ಭಾಗ 3/10: ಹಡಗಿನಲ್ಲಿ ಯಾರ್ಯಾರು?

1871ರ ಡಿಸೆಂಬರ್ 23. ಯೊಕೊಹಾಮಾ ಬಂದರು. ಅಧಿಕಾರಿಗಳು, ವಿದ್ಯಾರ್ಥಿಗಳು ಎಲ್ಲ ಸೇರಿ ನೂರಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಹೊಸ ಸರ್ಕಾರಕ್ಕೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಆಗಲೇ ಅದರ ದೊಡ್ಡ ತಲೆಗಳಲ್ಲಿ ಹಲವರು ದೇಶ ಬಿಟ್ಟು ಲೋಕ ನೋಡಲು ಹೊರಟರು. ಎಂಥಾ ಧೈರ್ಯ ನೋಡಿ!

ವಯಸ್ಸು ಗಮನಿಸಿ. ಮುಖ್ಯಸ್ಥ ಇವಾಕುರಾಗೆ 46. ಉಪರಾಯಭಾರಿಗಳಲ್ಲಿ ಒಕುಬೊ ತೊಶಿಮಿಚಿಗೆ 41, ಕಿದೊ ತಕಾಯೋಶಿಗೆ 38, ಇತೋಗೆ 30. ಪ್ರವಾಸದ ದಾಖಲೆ ಬರೆದ ಕುಮೆ ಕುನಿತಾಕೆಗೆ 32. ಅಮೆರಿಕದಲ್ಲಿ ಓದಲು ಹೊರಟ ಐವರು ಹೆಣ್ಣುಮಕ್ಕಳೂ ಅದೇ ಹಡಗಿನಲ್ಲಿದ್ದರು. ಎಲ್ಲರಿಗಿಂತ ಚಿಕ್ಕವಳು ತ್ಸುದಾ ಉಮೆ. ಅವಳಿಗೆ 6 ವರ್ಷ!

ಇತೋ ಹುಟ್ಟಿದ್ದು ರೈತರ ಮನೆಯಲ್ಲಿ. ತಂದೆಯನ್ನು ಕೆಳದರ್ಜೆಯ ಸಮುರಾಯ್ ಕುಟುಂಬವೊಂದು ದತ್ತು ತೆಗೆದುಕೊಂಡಿದ್ದರಿಂದ ಇವನಿಗೂ ಆ ದರ್ಜೆ ಬಂತು. 1863ರಲ್ಲಿ, ವಿದೇಶಕ್ಕೆ ಹೋದರೆ ತಲೆ ಹೋಗುವ ಕಾಲದಲ್ಲಿ, ನಾಲ್ವರು ಗೆಳೆಯರ ಜೊತೆ ಗುಟ್ಟಾಗಿ ಹಡಗು ಹತ್ತಿ ಲಂಡನ್ ಸೇರಿದ್ದ. ಹಾಗಾಗಿ ನಿಯೋಗದ ಹಿರಿಯರ ನಡುವೆ ಇಂಗ್ಲಿಷ್ ಬಲ್ಲ ಹುಡುಗ ಇವನೇ.

ಉಳಿದವರಿಗೆ? ಚಾಕು, ಫೋರ್ಕು ಕೂಡ ಹೊಸದು. ಪಾಶ್ಚಾತ್ಯರ ಉಡುಗೆ, ಊಟ, ಮನೆ ಹೇಗಿರುತ್ತೆ ಅಂತ ಚಿತ್ರ ಬಿಡಿಸಿ ತೋರಿಸುವ ಪುಸ್ತಕವನ್ನು ಫುಕುಜಾವಾ ಯುಕಿಚಿ 1867ರಲ್ಲಿ ತಂದಿದ್ದ. ಅಂಥ ಪುಸ್ತಕ ಬೇಕಾಗಿದ್ದ ಕಾಲ ಅದು. ಗಂಡಸರು ಹೆಂಗಸರಿಗೆ ಕುರ್ಚಿ ಸರಿಸಿ ಕೊಡೋದನ್ನು ಕಂಡು ಕುಮೆ ಬೆರಗಾಗಿ ಬರೆದುಕೊಂಡ.

ಭಾಗ 4/10: ಮೊದಲ ಮೇಜು, ಸ್ಯಾನ್ ಫ್ರಾನ್ಸಿಸ್ಕೋ

1872ರ ಜನವರಿ 15ಕ್ಕೆ ಹಡಗು ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿತು. ಊರಿಗೆ ಊರೇ ಕುತೂಹಲದಿಂದ ಬರಮಾಡಿಕೊಂಡಿತು. ಜನವರಿ 23ರ ರಾತ್ರಿ ಗ್ರಾಂಡ್ ಹೋಟೆಲ್‌ನಲ್ಲಿ ಔತಣಕೂಟ.

ಇಂಥ ಔತಣ ಅಂದರೆ ನಮ್ಮ ಮದುವೆ ಪಂಕ್ತಿ ಥರ ಖಾಲಿ ಎಲೆ ಕಂಡಲ್ಲಿ ಕೂರೋದಲ್ಲ. ಯಾರ ಪಕ್ಕ ಯಾರು ಅನ್ನೋದನ್ನು ದರ್ಜೆ ನೋಡಿ ಮೊದಲೇ ಬರೆದಿಟ್ಟಿರ್ತಾರೆ. ಊಟದ ಕೊನೆಗೆ ಟೋಸ್ಟ್. ಆತಿಥೇಯ ಎದ್ದು, ಗ್ಲಾಸು ಎತ್ತಿ, ಅತಿಥಿಯ ದೇಶಕ್ಕೆ ಶುಭ ಕೋರ್ತಾನೆ. ಆಗ ಅತಿಥಿ ಎದ್ದು ಉತ್ತರ ಕೊಡಬೇಕು. ಅಲ್ಲಿ ಆಡುವ ಮಾತು ಮೇಜು ದಾಟಿ ಪತ್ರಿಕೆಗೆ ಹೋಗುತ್ತೆ. ಅಂದರೆ ಅದು ಊಟವೂ ಹೌದು, ಪರೀಕ್ಷೆಯೂ ಹೌದು.

ಅವತ್ತು ಎದ್ದು ನಿಂತವನು ಇತೋ. ಮಾತಾಡಿದ್ದು ಇಂಗ್ಲಿಷಿನಲ್ಲಿ. ಶತಮಾನಗಳ ಪಾಳೇಗಾರಿ ವ್ಯವಸ್ಥೆಯನ್ನು ಜಪಾನ್ ಒಂದೇ ವರ್ಷದಲ್ಲಿ, ಗುಂಡು ಹಾರಿಸದೆ, ರಕ್ತ ಹರಿಸದೆ ಕಿತ್ತುಹಾಕಿತು ಅಂದ. ಹೆಣ್ಣುಮಕ್ಕಳು ಓದಿದರೆ ಮುಂದಿನ ಪೀಳಿಗೆ ಚುರುಕಾಗುತ್ತೆ, ಅದಕ್ಕೇ ನಮ್ಮ ಹುಡುಗಿಯರು ನಿಮ್ಮ ದೇಶಕ್ಕೆ ಓದಲು ಬಂದಿದ್ದಾರೆ ಅಂದ. ಕೊನೆಗೆ ಬಾವುಟದ ಮಾತು: ನಮ್ಮ ಬಾವುಟದ ಕೆಂಪು ದುಂಡು ಇನ್ನು ಮುಂದೆ ಮುಚ್ಚಿದ ಸಾಮ್ರಾಜ್ಯದ ಮೇಲೆ ಒತ್ತಿದ ಮುದ್ರೆಯಂತೆ ಕಾಣದು, ಅದು ನಿಜವಾಗಿ ಏನೋ ಅದೇ ಆಗುತ್ತೆ, ಉದಯಿಸುವ ಸೂರ್ಯ. ಈ ಅರ್ಥದ ಮಾತು.

ಜಪಾನಿನ ಇತಿಹಾಸದಲ್ಲಿ ಇದಕ್ಕೆ ಬಾವುಟದ ಭಾಷಣ ಅಂತಲೇ ಹೆಸರು. ಸಭೆ ತಲೆದೂಗಿತು. ಲಕೋಟೆಯ ಮುದ್ರೆಯನ್ನೂ ಸೂರ್ಯನನ್ನೂ ಒಂದೇ ವಾಕ್ಯದಲ್ಲಿ ತಂದವನಿಗೆ ತಲೆದೂಗದೆ ಇನ್ನೇನು?

ಭಾಗ 5/10: ಚಪ್ಪಾಳೆಗೆ ಸಹಿ ಇರಲ್ಲ

ಇಂಥ ಸ್ವಾಗತ ಸಿಕ್ಕರೆ ಯಾರಿಗಾದರೂ ಏನನ್ನಿಸುತ್ತೆ? ಇವರು ನಮ್ಮನ್ನು ಸರಿಸಮ ಅಂತ ಒಪ್ಪಿಬಿಟ್ಟರು ಅಂತ.

ಹಿಮದಲ್ಲಿ ಸಿಕ್ಕಿಹಾಕಿಕೊಂಡು ಸಾಲ್ಟ್ ಲೇಕ್ ಸಿಟಿಯಲ್ಲಿ ದಿನಗಟ್ಟಲೆ ಕಾದು, ನಿಯೋಗ ಫೆಬ್ರವರಿ ಕೊನೆಗೆ ವಾಷಿಂಗ್ಟನ್ ತಲುಪಿತು. ದಾರಿಯಲ್ಲಿ ಷಿಕಾಗೋದಲ್ಲಿ ಇವಾಕುರಾ ಜುಟ್ಟು ತೆಗೆಸಿದ. ಮಾರ್ಚ್ 4ರಂದು ಅಧ್ಯಕ್ಷ ಗ್ರಾಂಟ್ ಭೇಟಿ. ಅಲ್ಲೂ ಆದರ, ಉಪಚಾರ.

ಮೂಲ ಯೋಜನೆ ಇದ್ದದ್ದು ಈ ದೇಶಗಳ ಮನಸ್ಸು ತಿಳಿದು ಬರೋದು ಅಷ್ಟೇ. ಆದರೆ ಇತೋ, ಮತ್ತು ವಾಷಿಂಗ್ಟನ್‌ನಲ್ಲಿದ್ದ 24 ವರ್ಷದ ಪ್ರತಿನಿಧಿ ಮೋರಿ ಅರಿನೊರಿ, ಕಬ್ಬಿಣ ಕಾದಿದೆ, ಈಗಲೇ ಬಡಿಯೋಣ ಅಂತ ಹಿರಿಯರನ್ನು ಒಪ್ಪಿಸಿದರು. ಒಪ್ಪಂದ ತಿದ್ದುವ ಮಾತು ಎತ್ತಿಯೇಬಿಟ್ಟರು.

ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹ್ಯಾಮಿಲ್ಟನ್ ಫಿಶ್ ಕೇಳಿದ್ದು ಸರಳ ಪ್ರಶ್ನೆ: ಸಹಿ ಹಾಕಲು ನಿಮ್ಮ ಚಕ್ರವರ್ತಿ ಕೊಟ್ಟ ಅಧಿಕಾರಪತ್ರ ಎಲ್ಲಿ?

ಅದು ಇರಲಿಲ್ಲ.

ಅದನ್ನು ತರಲು ಇತೋ ಮತ್ತು ಒಕುಬೊ ರೈಲು, ಹಡಗು ಹಿಡಿದು ಪುನಃ ಜಪಾನಿಗೆ ಹೋದರು. ಹೋಗಿ ಬರಲು ಸುಮಾರು ನಾಲ್ಕು ತಿಂಗಳು. ಅವರು ಬರುವಷ್ಟರಲ್ಲಿ ಇಲ್ಲಿ ಉಳಿದಿದ್ದವರಿಗೆ ಇನ್ನೊಂದು ಕೊಕ್ಕೆ ಅರ್ಥವಾಗಿತ್ತು. ಒಂದು ದೇಶಕ್ಕೆ ಏನು ರಿಯಾಯಿತಿ ಕೊಟ್ಟರೂ ಉಳಿದ ದೇಶಗಳಿಗೆ ಅದು ತಾನಾಗಿ ಸಿಗಬೇಕು ಅನ್ನುವ ಕಲಮು ಹಳೇ ಒಪ್ಪಂದಗಳಲ್ಲಿತ್ತು. ಒಬ್ಬರ ಜೊತೆ ಕೊಟ್ಟು ತಗೊಂಡರೆ, ಎಲ್ಲರಿಗೂ ಪುಕ್ಕಟೆ ಕೊಟ್ಟ ಹಾಗೆ! ಮಾತುಕತೆ ಅಲ್ಲಿಗೇ ನಿಂತಿತು. ಅಷ್ಟು ದೂರ ಹೋಗಿ ತಂದ ಕಾಗದ ಪೆಟ್ಟಿಗೆಯಲ್ಲೇ ಉಳಿಯಿತು.

ಭಾಗ 6/10: ಎರಡನೇ ಮೇಜು, ಬರ್ಲಿನ್

ಅಮೆರಿಕ ಆಯ್ತು. ಅಟ್ಲಾಂಟಿಕ್ ದಾಟಿ ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ನೋಡಿಕೊಂಡು 1873ರ ಮಾರ್ಚ್‌ನಲ್ಲಿ ನಿಯೋಗ ಬರ್ಲಿನ್‌ಗೆ ಬಂತು. ಜರ್ಮನಿ ಒಂದಾಗಿ ಆಗಿನ್ನೂ ಎರಡು ವರ್ಷ. ಒಂದು ಮಾಡಿದವನು ಬಿಸ್ಮಾರ್ಕ್. ಮಾರ್ಚ್ 15ರಂದು ಅವನೇ ಇವರನ್ನು ಊಟಕ್ಕೆ ಕರೆದ.

ಆ ರಾತ್ರಿ ಬಿಸ್ಮಾರ್ಕ್ ಆಡಿದ ಮಾತನ್ನು ಕುಮೆ ದಾಖಲಿಸಿದ್ದಾನೆ. ಸಾರಾಂಶ ಇಷ್ಟು. ಎಲ್ಲ ದೇಶಗಳೂ ನಗುನಗುತ್ತಾ ಗೌರವದಿಂದ ನಡೆದುಕೊಳ್ಳುವ ಹಾಗೆ ಕಾಣುತ್ತೆ. ಅದು ಮೇಲಿನ ಹೊದಿಕೆ. ಅಂತರರಾಷ್ಟ್ರೀಯ ಕಾನೂನು ಎಲ್ಲರ ಹಕ್ಕನ್ನೂ ಕಾಯುತ್ತೆ ಅಂತಾರೆ. ದೊಡ್ಡ ದೇಶ ತನಗೆ ಲಾಭ ಇದ್ದಾಗ ಆ ಕಾನೂನನ್ನು ಚಾಚೂ ತಪ್ಪದೆ ಪಾಲಿಸುತ್ತೆ. ಲಾಭ ಇಲ್ಲದಿದ್ದರೆ ಸೈನ್ಯ ಕಳಿಸುತ್ತೆ. ಚಿಕ್ಕ ದೇಶ ಮಾತ್ರ ಕಾನೂನನ್ನೇ ನಂಬಿಕೊಂಡು ಕೂತಿರುತ್ತೆ. ನನ್ನ ಚಿಕ್ಕಂದಿನಲ್ಲಿ ನಮ್ಮ ಪ್ರಷ್ಯಾ ಕೂಡ ಹೀಗೇ ಬಡದೇಶವಾಗಿತ್ತು, ಆಮೇಲೆ ಬಲ ಬೆಳೆಸಿಕೊಂಡೆವು ಅಂತ ಹೇಳಿದ.

ಯೋಚಿಸಿ. ಊಟಕ್ಕೆ ಕರೆದವನೇ, ಊಟದ ನಡುವೆ, ಈ ಊಟ ಉಪಚಾರಕ್ಕೆಲ್ಲ ಹೆಚ್ಚು ಬೆಲೆ ಕೊಡಬೇಡಿ ಅಂತಿದ್ದಾನೆ!

ಇದೇನು ಬರೀ ಉಪಕಾರವಲ್ಲ. ಬ್ರಿಟನ್, ಫ್ರಾನ್ಸ್‌ಗಳನ್ನು ನಂಬಬೇಡಿ, ಜರ್ಮನಿಯನ್ನು ಗೆಳೆಯ ಅಂದುಕೊಳ್ಳಿ ಅನ್ನುವ ಸ್ವಂತ ಲೆಕ್ಕವೂ ಅದರಲ್ಲಿತ್ತು. ಆದರೂ ವಾಷಿಂಗ್ಟನ್‌ನಲ್ಲಿ ಕೈ ಸುಟ್ಟುಕೊಂಡು ಬಂದಿದ್ದವರಿಗೆ ಆ ಮಾತು ಎದೆಗೆ ನಾಟಿತು. ನಿಯೋಗ 1873ರ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿತು. ಕುಮೆಯ ಐದು ಸಂಪುಟಗಳ ವರದಿ 1878ರಲ್ಲಿ ಅಚ್ಚಾಯಿತು.

ಭಾಗ 7/10: ಈಗ ನಾವೇ ಊಟಕ್ಕೆ ಕರೆಯೋಣ

ಮುಂದಿನ ಫೋಟೋದಲ್ಲಿರೋ ಎರಡಂತಸ್ತಿನ ಕಟ್ಟಡ ರೊಕುಮೈಕಾನ್. 1883, ಟೋಕಿಯೋ. ಕಟ್ಟಿದ ವಾಸ್ತುಶಿಲ್ಪಿ ಇಂಗ್ಲೆಂಡಿನ ಜೋಸೈಯಾ ಕಾಂಡರ್. ಕಟ್ಟಿಸಿದ್ದು ವಿದೇಶಾಂಗ ಮಂತ್ರಿ ಇನೊವೆ ಕವೊರು. 1863ರಲ್ಲಿ ಇತೋ ಜೊತೆ ಗುಟ್ಟಾಗಿ ಲಂಡನ್‌ಗೆ ಹೋಗಿದ್ದ ಅದೇ ಗೆಳೆಯ.

ಐಡಿಯಾ ಏನಂದರೆ, ವಿದೇಶಿ ರಾಯಭಾರಿಗಳನ್ನು ಕರೆದು ಫ್ರೆಂಚ್ ಊಟ ಹಾಕಿ, ವಾಲ್ಟ್ಸ್ ಕುಣಿದು, ನಾವೂ ನಿಮ್ಮಷ್ಟೇ ನಾಗರಿಕರು ಅಂತ ತೋರಿಸೋದು. ಆಗಲಾದರೂ ಒಪ್ಪಂದ ತಿದ್ದುತ್ತಾರೇನೋ ಅಂತ. ಹಡಗಿನಲ್ಲಿ ಹೋಗಿದ್ದ ಐವರು ಹುಡುಗಿಯರಲ್ಲಿ ಒಬ್ಬಳು ಯಾಮಾಕಾವಾ ಸುತೆಮಾತ್ಸು. 1882ರಲ್ಲಿ ಅಮೆರಿಕದ ವಾಸರ್ ಕಾಲೇಜಿನಿಂದ ಪದವಿ ಪಡೆದು ಬಂದಿದ್ದಳು. ಮಂತ್ರಿ ಒಯಾಮಾ ಇವಾವೊನ ಹೆಂಡತಿಯಾಗಿ ಈ ಕೂಟಗಳಲ್ಲಿ ಮನೆಯೊಡತಿಯಂತೆ ನಿಂತಳು.

ಅತಿಥಿಗಳು ಬಂದರು, ತಿಂದರು, ಕುಣಿದರು. ಬೆನ್ನ ಹಿಂದೆ ನಕ್ಕರು. ಫ್ರೆಂಚ್ ಕಲಾವಿದ ಜಾರ್ಜ್ ಬಿಗೊ ಬಿಡಿಸಿದ ವ್ಯಂಗ್ಯಚಿತ್ರಗಳು ಆ ನಗುವಿಗೆ ಸಾಕ್ಷಿ.

1886ರ ಅಕ್ಟೋಬರ್‌ನಲ್ಲಿ ನಾರ್ಮಂಟನ್ ಅನ್ನುವ ಬ್ರಿಟಿಷ್ ಹಡಗು ಜಪಾನಿನ ಕರಾವಳಿಯಲ್ಲಿ ಮುಳುಗಿತು. ಕ್ಯಾಪ್ಟನ್ ಮತ್ತು ಯುರೋಪಿಯನ್ ಸಿಬ್ಬಂದಿ ದೋಣಿ ಹತ್ತಿ ಪಾರಾದರು. 25 ಜಪಾನಿ ಪ್ರಯಾಣಿಕರೂ ಸತ್ತರು. ವಿಚಾರಣೆ ಮಾಡಿದ್ದು ಬ್ರಿಟಿಷ್ ಕಾನ್ಸುಲ್. ಮೊದಲ ತೀರ್ಪು: ತಪ್ಪಿಲ್ಲ. ದೇಶವೇ ಕೆರಳಿದ ಮೇಲೆ ಎರಡನೇ ವಿಚಾರಣೆಯಲ್ಲಿ ಕ್ಯಾಪ್ಟನ್‌ಗೆ ಮೂರು ತಿಂಗಳ ಸಜೆ. ಅಷ್ಟೇ.

ಎಷ್ಟು ಚೆನ್ನಾಗಿ ವಾಲ್ಟ್ಸ್ ಕುಣಿದರೂ ಆ 25 ಜನಕ್ಕೆ ನ್ಯಾಯ ಸಿಗಲಿಲ್ಲ. ಮರುವರ್ಷ ಒಪ್ಪಂದದ ಮಾತುಕತೆ ಮತ್ತೆ ಕುಸಿದು ಇನೊವೆ ರಾಜೀನಾಮೆ ಕೊಟ್ಟ.

ಭಾಗ 8/10: ಗೆದ್ದರು. ಆಮೇಲೆ?

1885ರಲ್ಲಿ ಇತೋ ಜಪಾನಿನ ಮೊದಲ ಪ್ರಧಾನಿಯಾದ. 1889ರಲ್ಲಿ ಸಂವಿಧಾನ ಬಂತು. ಅದರ ಮುಖ್ಯ ಶಿಲ್ಪಿ ಅವನೇ. ಕಾನೂನು, ಸೈನ್ಯ, ಕಾರ್ಖಾನೆ ಎಲ್ಲ ಬೆಳೆದವು. 1894ರ ಜುಲೈ 16ರಂದು, ಇತೋ ಮತ್ತೆ ಪ್ರಧಾನಿಯಾಗಿದ್ದಾಗ, ಬ್ರಿಟನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. 1899ರಲ್ಲಿ ಅದು ಜಾರಿಗೆ ಬಂದು ಕಾನ್ಸುಲ್ ವಿಚಾರಣೆ ಕೊನೆಯಾಯಿತು. ಸುಂಕದ ಪೂರ್ಣ ಸ್ವಾತಂತ್ರ್ಯ 1911ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದ ಆ ಊಟದಿಂದ ಲೆಕ್ಕ ಹಾಕಿದರೆ 39 ವರ್ಷ!

ನಮ್ಮ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿನ ಶಾಲೆ, ಉದ್ಯಮಗಳನ್ನು ನೋಡಿ ಬಂದದ್ದು 1898ರಲ್ಲಿ, ಈ ಗೆಲುವು ಜಾರಿಗೆ ಬರುವ ಹಿಂದಿನ ವರ್ಷ. ಏಷ್ಯಾದ ಒಂದು ದೇಶ ಎದ್ದು ನಿಂತಿದ್ದನ್ನು ಕಂಡು ಇಲ್ಲಿನವರು ಮೆಚ್ಚಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಇನ್ನೊಂದು ಇಸವಿ ನೋಡಿ. 1876. ತನ್ನ ಮೇಲಿನ ಅನ್ಯಾಯದ ಒಪ್ಪಂದ ಇನ್ನೂ ಹಾಗೇ ಇದ್ದಾಗಲೇ, ಜಪಾನ್ ಯುದ್ಧನೌಕೆಗಳನ್ನು ಕೊರಿಯಾಗೆ ಕಳಿಸಿ ಗಂಗ್ವಾ ಒಪ್ಪಂದಕ್ಕೆ ಸಹಿ ಹಾಕಿಸಿತು. ಅದರಲ್ಲಿ ಏನಿತ್ತು? ಕೊರಿಯಾದ ಬಂದರುಗಳಲ್ಲಿ ತಪ್ಪು ಮಾಡಿದ ಜಪಾನೀಯರನ್ನು ಜಪಾನಿನ ಅಧಿಕಾರಿಗಳೇ ವಿಚಾರಿಸಬೇಕು. ಮೊದಲ ವರ್ಷಗಳಲ್ಲಿ ಜಪಾನಿ ಸರಕಿಗೆ ಸುಂಕವೂ ಇರಲಿಲ್ಲ. 2ನೇ ಭಾಗದ ಎರಡು ಗಂಟು ನೆನಪಿದೆಯಾ? ಅವೇ ಗಂಟು, ಬೇರೆ ಕುತ್ತಿಗೆ.

1894ರಲ್ಲೂ ಅಷ್ಟೇ. ಬ್ರಿಟನ್ ಜೊತೆ ಸಹಿಯಾದ ಒಂಬತ್ತನೇ ದಿನಕ್ಕೆ, ಕೊರಿಯಾ ಯಾರ ಹಿಡಿತದಲ್ಲಿರಬೇಕು ಅನ್ನುವ ಜಗಳದಲ್ಲಿ ಜಪಾನ್ ಮತ್ತು ಚೀನಾ ನೌಕೆಗಳು ಗುಂಡು ಹಾರಿಸಿದವು.

ಭಾಗ 9/10: ಮೂರನೇ ಮೇಜು, ಹೇಗ್

1905ರ ನವೆಂಬರ್. ಇತೋ ಈಗ ಯುವಕನಲ್ಲ, 64 ವರ್ಷದ ಮುತ್ಸದ್ದಿ. ವಿಶೇಷ ರಾಯಭಾರಿಯಾಗಿ ಸೋಲ್‌ಗೆ ಹೋದ. ಅರಮನೆಯ ಸುತ್ತ ಜಪಾನಿ ಸೈನಿಕರು. ಒಳಗೆ ಕೊರಿಯಾದ ಮಂತ್ರಿಗಳಿಂದ ಸಹಿ. ಇನ್ನು ಮುಂದೆ ಕೊರಿಯಾದ ವಿದೇಶ ವ್ಯವಹಾರವೆಲ್ಲ ಜಪಾನಿನ ಕೈಯಲ್ಲಿ. ಮರುವರ್ಷ ಇತೋನೇ ಅಲ್ಲಿ ಜಪಾನಿನ ಮೊದಲ ರೆಸಿಡೆಂಟ್ ಜನರಲ್.

1907ರ ಬೇಸಿಗೆ. ಹೇಗ್‌ನಲ್ಲಿ ಎರಡನೇ ಶಾಂತಿ ಸಮ್ಮೇಳನ. ಕೊರಿಯಾದ ಚಕ್ರವರ್ತಿ ಗೊಜೊಂಗ್ ಗುಟ್ಟಾಗಿ ಮೂವರನ್ನು ಕಳಿಸಿದ: ಯಿ ಸಂಗ್‌ಸೊಲ್, ಯಿ ಜುನ್, ಯಿ ವಿಜೊಂಗ್. ಮೂವರಲ್ಲಿ ವಿಜೊಂಗ್ ಚಿಕ್ಕವನು, ಇಪ್ಪತ್ತರ ಆಸುಪಾಸಿನವನು. ರಷ್ಯಾದಲ್ಲಿ ಕೊರಿಯಾದ ರಾಯಭಾರಿಯಾಗಿದ್ದವರ ಮಗ, ಫ್ರೆಂಚ್ ಸರಾಗ.

ಇವರ ಹತ್ತಿರ ಅಧಿಕಾರಪತ್ರ ಇತ್ತು. ಚಕ್ರವರ್ತಿಯ ಮುದ್ರೆಯೂ ಇತ್ತು. 1872ರಲ್ಲಿ ಇತೋ ಹತ್ತಿರ ಇಲ್ಲದ ಕಾಗದ! ಆದರೂ ಒಳಗೆ ಬಿಡಲಿಲ್ಲ. ಕಾರಣ: ನಿಮ್ಮ ದೇಶದ ಪರವಾಗಿ ಮಾತಾಡುವ ಹಕ್ಕು 1905ರಲ್ಲೇ ಜಪಾನಿಗೆ ಹೋಗಿದೆಯಲ್ಲ.

ವಿಜೊಂಗ್ ಸುಮ್ಮನಾಗಲಿಲ್ಲ. ಸಮ್ಮೇಳನದ ಹೊರಗೆ ಪತ್ರಕರ್ತರ ಮುಂದೆ ನಿಂತು ಫ್ರೆಂಚಿನಲ್ಲಿ ತನ್ನ ದೇಶದ ಅಳಲು ಹೇಳಿದ. ಕೇಳಿದವರ ಮನ ಕಲಕಿತು. ಪತ್ರಿಕೆಗಳಲ್ಲೂ ಬಂತು. ಬಾಗಿಲು ಮಾತ್ರ ತೆರೆಯಲಿಲ್ಲ. ಯಿ ಜುನ್ ಜುಲೈ 14ರಂದು ಹೇಗ್‌ನಲ್ಲೇ ತೀರಿಕೊಂಡ. ಅವರು ಉಳಿದಿದ್ದ ಹೋಟೆಲ್ ಇವತ್ತು ಮ್ಯೂಸಿಯಂ. ಅದೇ ತಿಂಗಳು ಜಪಾನ್ ಗೊಜೊಂಗ್‌ನನ್ನು ಸಿಂಹಾಸನದಿಂದ ಇಳಿಸಿತು.

ಒಂದು ಕಾಲಕ್ಕೆ ಮೇಜಿನ ಬಳಿ ಸರಿಸಮ ಕುರ್ಚಿ ಕೇಳಿದ್ದ ಯುವಕ, ಈಗ ಇನ್ನೊಬ್ಬ ಯುವಕನ ಕುರ್ಚಿ ಎಳೆದುಹಾಕುವ ಜಾಗದಲ್ಲಿದ್ದ.

ಭಾಗ 10/10: ಪಾಠ ಒಂದೇ, ಕಲಿಯೋದು ಎರಡು ಥರ

1909ರ ಅಕ್ಟೋಬರ್ 26. ಹಾರ್ಬಿನ್ ರೈಲು ನಿಲ್ದಾಣ. ಕೊರಿಯಾದ ಅನ್ ಜುಂಗ್‌ಗ್ಯುನ್ ಇತೋನನ್ನು ಗುಂಡಿಕ್ಕಿ ಕೊಂದ. ಕಾರಣವಾಗಿ 15 ಆರೋಪಗಳ ಪಟ್ಟಿ ಕೊಟ್ಟ. 1905ರ ಒಪ್ಪಂದ ಅದರಲ್ಲೊಂದು. ಆಗ ಅವನ ವಯಸ್ಸು 30. ಬಾವುಟದ ಭಾಷಣ ಮಾಡಿದಾಗ ಇತೋಗಿದ್ದ ವಯಸ್ಸು. 1910ರ ಮಾರ್ಚ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗಸ್ಟ್‌ನಲ್ಲಿ ಕೊರಿಯಾ ಪೂರ್ತಿಯಾಗಿ ಜಪಾನಿನ ಪಾಲಾಯಿತು. ಮುಂದೆ ಇತೋ ಮುಖ ಜಪಾನಿನ 1,000 ಯೆನ್ ನೋಟಿನ ಮೇಲೆ ಬಂತು. ಅನ್ ಕೊರಿಯಾದಲ್ಲಿ ಇವತ್ತಿಗೂ ವೀರ. ಒಂದೇ ಘಟನೆ, ಎರಡು ದೇಶ, ಎರಡು ನೆನಪು.

ಬಿಸ್ಮಾರ್ಕ್ ಹೇಳಿದ್ದು ಸುಳ್ಳಲ್ಲ. ಊಟ, ಟೋಸ್ಟ್, ಚಪ್ಪಾಳೆ ಯಾವುದೂ ನ್ಯಾಯ ಕೊಡಿಸಲ್ಲ. ಅದನ್ನು ಇತೋ ಪೀಳಿಗೆ ಚೆನ್ನಾಗಿ ಕಲಿಯಿತು. ಆದರೆ ಬಲವಿಲ್ಲದವನಿಗೆ ಅನ್ಯಾಯ ಆಗುತ್ತೆ ಅನ್ನೋದು ಗೊತ್ತಾದ ಮೇಲೆ ಮುಂದೆ ಎರಡು ದಾರಿ ಇರ್ತವೆ. ನಾನು ಬಲಶಾಲಿಯಾಗಿ ಇನ್ನೊಬ್ಬನಿಗೆ ಅದನ್ನೇ ಮಾಡ್ತೀನಿ ಅನ್ನೋದು ಒಂದು. ನನಗಾದದ್ದು ಇನ್ನೊಬ್ಬನಿಗೆ ಆಗಬಾರದು ಅನ್ನೋದು ಇನ್ನೊಂದು. ಮೀಜಿ ಜಪಾನ್ ಮೊದಲನೆಯದನ್ನು ಹಿಡಿಯಿತು. ಅದರ ಬೆಲೆಯನ್ನು ಕೊರಿಯಾ ತೆತ್ತಿತು.

ಎರಡನೇ ದಾರಿ ಹಿಡಿದವರು ಆ ಹಡಗಿನಲ್ಲಿ ಇರಲೇ ಇಲ್ಲ ಅನ್ನಬೇಡಿ. 6 ವರ್ಷದ ಉಮೆ ನೆನಪಿದ್ದಾಳಲ್ಲ? ದೊಡ್ಡವಳಾಗಿ ಮರಳಿದಾಗ, ಹುಡುಗಿಯರಿಗೆ ಸಿಗುತ್ತಿದ್ದ ಓದು ತೀರಾ ಕಡಿಮೆ ಅನ್ನೋದು ಕಂಡಿತು. ತನಗೆ ಸಿಕ್ಕಿದ್ದು ಉಳಿದವರಿಗೂ ಸಿಗಲಿ ಅಂತ 1900ರಲ್ಲಿ ಟೋಕಿಯೋದಲ್ಲಿ ಶಾಲೆ ತೆರೆದಳು. ಅದೇ ಇವತ್ತಿನ ತ್ಸುದಾ ವಿಶ್ವವಿದ್ಯಾಲಯ. 2024ರಿಂದ 5,000 ಯೆನ್ ನೋಟಿನ ಮೇಲೆ ಅವಳ ಮುಖವಿದೆ.

ನಾಳೆ ನೀವೂ ಯಾವುದಾದರೂ ದೊಡ್ಡ ಮೇಜಿಗೆ ಹೋಗಿ ಕೂರಬಹುದು. ಫೋರ್ಕು ಯಾವ ಕೈಯಲ್ಲಿ ಹಿಡೀಬೇಕು ಅನ್ನೋದನ್ನು ಹತ್ತು ನಿಮಿಷದಲ್ಲಿ ಕಲೀಬಹುದು. ಕೂತ ಮೇಲೆ ಒಂದು ಸಲ ಸುತ್ತ ನೋಡಿ, ಇಲ್ಲಿ ಇರಬೇಕಾಗಿದ್ದ ಯಾರು ಇಲ್ಲ ಅಂತ ಕೇಳಿಕೊಳ್ಳಿ.

ನೀವು ಇತೋ ಜಾಗದಲ್ಲಿದ್ದಿದ್ದರೆ ಬರ್ಲಿನ್‌ನಿಂದ ಏನು ಕಲಿತು ಬರ್ತಿದ್ರಿ? ಕೆಳಗೆ ಬರೆಯಿರಿ. ಕ್ಲಾಸಿನವರು ಪರೀಕ್ಷೆಗಾಗಿ ಇಸವಿಗಳನ್ನು ಸೇವ್ ಮಾಡ್ಕೊಳ್ಳಿ: 1858, 1872, 1876, 1894, 1905, 1907, 1910.

#ಇತಿಹಾಸ #ಜಪಾನ್ #ಕೊರಿಯಾ #ಕನ್ನಡದಲ್ಲಿಇತಿಹಾಸ